ತಳಕ್ಕಿಳಿಯದ ಕೆಂಪು

ನಾನು ಬಿಟ್ಟುಬಂದ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. ಸಾಂಗಲಿಯಲ್ಲಿ ರಸಾಯನಶಾಸ್ತ್ರ ಓದಿದವಳು, ಮಾತಿನಲ್ಲಿ ಚುರುಕು. ಅವಲಕ್ಕಿ ತಿಂದು ಚಹಾ ಮುಗಿಸಿ, "ಅಕ್ಕಾರ, ಈ ಕೆಲಸಕ್ಕ ಯಾವ ಪುಸ್ತಕ ಓದ್ಲಿ?" ಎಂದು ಕೇಳಿದಳು. ಎರಡು ಪುಸ್ತಕ ಹೇಳಿದೆ. ಎರಡನ್ನೂ ಓದಿಯೇ ಬಂದಿದ್ದಳು! ಹಾಗಾದರೆ ನನ್ನನ್ನು ಕೇಳುವುದೇಕೆ ಎಂದರೆ, "ಪುಸ್ತಕದಾಗಿನ ನೀರು ಭಾಳ ಶಾಣ್ಯಾ ಇರ್ತೈತ್ರಿ. ಇಲ್ಲಿನ ನೀರು ಹಂಗಿಲ್ಲ" ಎಂದಳು. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿಲ್ಲ, ಆಗಲೇ ಇಷ್ಟು ತಿಳಿದುಕೊಂಡಿದ್ದಾಳಲ್ಲ ಎಂದು ನನಗೆ ಸಂತೋಷವಾಯಿತು. ಈ ಬರಹ ಅವಳಿಗಾಗಿ, ಅವಳಂಥವರಿಗಾಗಿ. ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಆ ಶಾಲನ್ನು ಈಗ ಹೊಲಿಗೆ ಯಂತ್ರಕ್ಕೆ ಧೂಳು ಹಿಡಿಯದಂತೆ ಮುಚ್ಚಿದ್ದೇನೆ.

ನಾನು ಗಡಿನಾಡಿನ ಸಂಖ ಎಂಬ ಊರಿನವಳು. ಅಪ್ಪನದು ಕಿರಾಣಿ ಅಂಗಡಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅಂಗಡಿಯಲ್ಲಿ ಗಿರಾಕಿ ಯಾವುದನ್ನು ಆಡುತ್ತಾರೋ ಅದು. ಜತ್ತ ತಾಲೂಕಿನಲ್ಲಿ ನೀರಿನ ಇಲಾಖೆಯವರು ನಡೆಸುವ ಪರೀಕ್ಷಾ ಪ್ರಯೋಗಶಾಲೆಯಲ್ಲಿ ನನ್ನ ನೌಕರಿ ಪೂರ್ತಿ ಕಳೆಯಿತು. ಹಳ್ಳಿಗಳಿಂದ ಬಾಟಲಿಗಳಲ್ಲಿ ನೀರು ಬರುತ್ತದೆ. ಅದರಲ್ಲಿ ಉಪ್ಪೆಷ್ಟು, ಸುಣ್ಣವೆಷ್ಟು, ಕಬ್ಬಿಣವೆಷ್ಟು ಎಂದು ನೋಡಿ ಬರೆದು ಕಳಿಸುವುದು. ನಮ್ಮ ಓಣಿಯ ಹೆಂಗಸರ ಪ್ರಕಾರ ನಾನು ಸಂಬಳ ತೆಗೆದುಕೊಂಡು ದಿನವಿಡೀ ನೀರಿಗೆ ಬಣ್ಣ ಹಾಕುತ್ತಿದ್ದೆ. ಪೂರ್ತಿ ತಪ್ಪೇನಲ್ಲ.

ನನ್ನ ಮೊದಲ ಮೇಲಧಿಕಾರಿ ಜೋಶಿ ಸಾಹೇಬರು ತೆಳ್ಳಗಿನ ಮನುಷ್ಯ, ಉದ್ದ ಮೂಗು. ಆ ಮೂಗಿನ ಪೂರ್ತಿ ಉಪಯೋಗ ಪಡೆದವರು. ಯಾವ ಬಾಟಲಿ ಬಂದರೂ ಮುಚ್ಚಳ ತೆರೆದು ಮೊದಲು ಮೂಸಬೇಕು, ಆಮೇಲೆ ಪರೀಕ್ಷೆ. "ಆಧೀ ನಾಕ, ಮಗ ಬಾಟಲಿ" ಅನ್ನುತ್ತಿದ್ದರು, ಮೊದಲು ಮೂಗು ಆಮೇಲೆ ಬಾಟಲಿ ಎಂದು. ಹೊಸದಾಗಿ ಪದವಿ ಹೊತ್ತು ಬಂದ ನನಗೆ ಇದು ಭಾರೀ ಅವಮಾನವೆನಿಸಿತ್ತು. ಇಷ್ಟು ಓದಿ ಬಂದು ಬೆಕ್ಕಿನ ಕೆಲಸ ಮಾಡಬೇಕೇ ಎಂದು ಮನೆಯಲ್ಲಿ ಗೊಣಗಿದೆ. "ನಾ ಅಂಗಡ್ಯಾಗ ಬ್ಯಾಳಿ ಮೂಸಿ ನೋಡೂದಿಲ್ಲೇನು? ಮೂಸು, ಏನಾಗೂದಿಲ್ಲ" ಎಂದರು ಅಪ್ಪ. ಆದದ್ದಾಗಲಿ ಎಂದು ಮೂಸಲು ಶುರು ಮಾಡಿದೆ.

ಕಬ್ಬಿಣದ ನೀರಿನ ಮೊದಲ ಪಾಠ ವಳಸಂಗದ ಕಡೆಯ ಒಂದು ವಸತಿಯಲ್ಲಿ, ಅಂದರೆ ಹೊಲದ ನಡುವಿನ ನಾಲ್ಕಾರು ಮನೆಗಳ ಗುಂಪಿನಲ್ಲಿ ಆಯಿತು. ಅಲ್ಲಿನ ಬೋರಿನ ನೀರು ನಮ್ಮಲ್ಲಿಗೆ ಬಂದಿತ್ತು, ನಾವು "ಕಬ್ಬಿಣ ಇಲ್ಲ" ಎಂದು ಬರೆದು ಕಳಿಸಿದ್ದೆವು. ಅಲ್ಲಿಯವರು ಮಾತ್ರ ಅನ್ನ ಕಪ್ಪಾಗುತ್ತದೆ, ಬಿಳಿ ಧೋತರ ಹಳದಿಯಾಗುತ್ತದೆ ಎಂದು ದೂರು ಹೇಳುವುದು ಬಿಡಲಿಲ್ಲ. ಜೋಶಿ ಸಾಹೇಬರು ನನ್ನನ್ನು ಕರೆದುಕೊಂಡು ಹೊರಟರು. ಅಲ್ಲಿ ಒಂದು ಮನೆಯ ಅಜ್ಜಿ ಕಂಬಳಿ ಹಾಸಿ, ಚಹಾ ತಂದುಕೊಟ್ಟಳು. ಕಪ್ಪಿನಲ್ಲಿದ್ದ ಚಹಾ ಮಸಿಯಂತೆ ಕಪ್ಪಗಿತ್ತು.

"ಅಜ್ಜಿ, ಹಾಲು ಹಾಕೀರಿಲ್ಲೋ?" ಎಂದೆ.

"ಪಾವು ಹಾಲು ಹಾಕೀನ್ಯವ್ವಾ. ನಮ್ಮ ನೀರಿಗೆ ಹಾಲೂ ಸೋಲ್ತೈತಿ."

ಸಾಹೇಬರು ಕಪ್ಪನ್ನು ಬೆಳಕಿಗೆ ಹಿಡಿದು, "ನಮ್ಮ ವರದಿಯಲ್ಲಿ ಇಲ್ಲದ ಕಬ್ಬಿಣ ಈ ತಾಯಿಯ ಚಹಾದಲ್ಲಿ ಇದೆ" ಎಂದರು. ಆಗಿದ್ದಿಷ್ಟು. ಕಬ್ಬಿಣದ ನೀರು ಭೂಮಿಯಿಂದ ಮೇಲೆ ಬಂದಾಗ ತಿಳಿಯಾಗಿರುತ್ತದೆ. ಗಾಳಿ ತಾಗಿದರೆ ಕೆಂಪಾಗಿ, ಮಣ್ಣಿನ ಹಾಗೆ ತಳಕ್ಕಿಳಿಯುತ್ತದೆ. ಬಾಟಲಿ ಎಸ್.ಟಿ. ಬಸ್ಸಿನಲ್ಲಿ ಕುಲುಕಾಡಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕಬ್ಬಿಣವೆಲ್ಲ ತಳಕ್ಕೆ ಅಂಟಿಕೊಂಡಿರುತ್ತಿತ್ತು. ಪ್ರಯೋಗಶಾಲೆಯ ಹಳೆಯ ರೂಢಿಯಂತೆ ಮೇಲಿನ ತಿಳಿನೀರನ್ನಷ್ಟೇ ತೆಗೆದು ಪರೀಕ್ಷೆ ಮಾಡುತ್ತಿದ್ದೆವು. ಅಂದಿನಿಂದ ನೀರು ತುಂಬುವ ಜಾಗದಲ್ಲೇ ಬಾಟಲಿಗೆ ಎರಡು ಹನಿ ಆಮ್ಲ ಬಿಡುವ ಪದ್ಧತಿ ಬಂತು. ಆಮ್ಲ ಇದ್ದರೆ ಕಬ್ಬಿಣ ಕರಗಿಯೇ ಇರುತ್ತದೆ. ಹೊಸಬರು ಇದನ್ನು ಮರೆಯಬೇಡಿ.

ಅಜ್ಜಿ ಸುಮ್ಮನೆ ಬಿಡುವವಳಲ್ಲ. ಚಹಾ ಕಬ್ಬಿಣ ಸೇರಿ ಕಪ್ಪಾಗುತ್ತದೆ ಎಂದು ನಾನು ವಿವರಿಸಿದ ಮೇಲೆ, "ಹಂಗಾರ ಕೊಡಕ್ಕಽ ಒಂದ ಮುಟಿಗಿ ಚಹಾಪುಡಿ ಹಾಕಿದ್ರ ಕಬ್ಬಿಣ ಹೊಕ್ಕೈತೇನ?" ಎಂದು ಕೇಳಿದಳು. ನಾನು ನಕ್ಕೆ. ಸಾಹೇಬರು ನಗಲಿಲ್ಲ. "ಹೋಗುವುದಿಲ್ಲ ತಾಯಿ. ಚಹಾ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಳಕ್ಕೂ ಇಳಿಯಗೊಡುವುದಿಲ್ಲ" ಎಂದರು. ಆ ಮಾತನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ವರ್ಷಗಳು ಹೋದವು. ಜೋಶಿ ಸಾಹೇಬರು ನಿವೃತ್ತರಾದರು. ಗಾಜಿನ ನಳಿಕೆಗಳನ್ನು ಸಾಲಾಗಿ ಹಿಡಿದು ಕಣ್ಣಳತೆಯಲ್ಲಿ ಬಣ್ಣ ಹೋಲಿಸುವ ಕಾಲ ಮುಗಿದು, ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರ ಬಂತು. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಪರೀಕ್ಷೆಯ ಸಾಮಾನು ತುಂಬಿಕೊಂಡು ಹಳ್ಳಿಗೇ ಹೋಗುವುದು ಬಂತು. ಇವೆಲ್ಲ ಒಳ್ಳೆಯವೇ. ಒಂದೇ ಬೇಸರ. ಅಂಕಿ ಬಂದ ಕೂಡಲೇ ಜನ ನೀರನ್ನು ನೋಡುವುದು ಬಿಟ್ಟರು. ಪರದೆಯ ಮೇಲೆ ಕಬ್ಬಿಣ ಹೆಚ್ಚು ಎಂದು ಬಂದರೆ ಹೆಚ್ಚು ಎಂದು ಬರೆದು ಮುಗಿಸುವುದು. ಯಾಕೆ ಹೆಚ್ಚು ಎಂದು ಯಂತ್ರ ಹೇಳುವುದಿಲ್ಲ, ಅದನ್ನು ಕೇಳಲು ನಮ್ಮವರಿಗೂ ಪುರುಸೊತ್ತಿಲ್ಲ.

ಈಗ ಶಾಂತವ್ವನ ಕಥೆಗೆ ಬರುತ್ತೇನೆ. ಅವಳ ಊರು ಕರಜಗಿಯಿಂದ ಹೆಚ್ಚು ದೂರವಿಲ್ಲ. ಊರಿನ ಹೆಸರು ಬರೆದರೆ ಫೋನ್ ಮಾಡಿ ಬೈಯುತ್ತಾಳೆ, ಆದ್ದರಿಂದ ಬರೆಯುವುದಿಲ್ಲ. ಕುರಿ ಸಾಕುವ ಮನೆತನ. ಗಂಡ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೊಳೆಸಾಲಿನ ಕಡೆ ಹೋದರೆ ಮಳೆಗಾಲಕ್ಕೇ ತಿರುಗಿ ಬರುವುದು. ಮನೆ, ಹೊಲ, ಅತ್ತೆ, ಮಕ್ಕಳು ಎಲ್ಲ ಇವಳ ತಲೆಯ ಮೇಲೆ. ಊರ ಕೆರೆಯ ಏರಿಯ ಕೆಳಗೆ ಒಂದು ಬೋರು ಇತ್ತು, ನೀರಿನಲ್ಲಿ ಕಬ್ಬಿಣ ಎಷ್ಟೆಂದರೆ ದನ ಕೂಡ ಮೂತಿ ತಿರುಗಿಸುತ್ತಿದ್ದವು. ಕುಡಿಯುವ ನೀರಿಗೆ ಹೆಂಗಸರು ದೂರದ ಒಬ್ಬ ಜಮೀನುದಾರರ ಬಾವಿಗೆ ಹೋಗಬೇಕು. ಅಲ್ಲಿ ಒಂದು ಕೊಡ ನೀರಿಗೆ ಎರಡು ಕೊಡ ಮಾತು ಕೇಳಬೇಕಾಗಿತ್ತು.

ಶಾಂತವ್ವ ಬಚತ ಗಟದ, ಅಂದರೆ ಉಳಿತಾಯ ಗುಂಪಿನ ಹೆಂಗಸರನ್ನು ಕಟ್ಟಿಕೊಂಡು ಪಂಚಾಯತಿಗೆ, ತಾಲೂಕು ಕಚೇರಿಗೆ ಅಲೆದು, ಬೋರಿನ ಪಕ್ಕದಲ್ಲಿ ಕಬ್ಬಿಣ ತೆಗೆಯುವ ಒಂದು ಘಟಕ ಹಾಕಿಸಿಕೊಂಡಳು. ಊರವರು ಅದನ್ನು ಜರಡಿ ಟಾಕಿ, ಅಂದರೆ ಸೋಸುವ ಟ್ಯಾಂಕು, ಎಂದು ಕರೆದರು. ಬೋರಿನ ನೀರು ತೂತಿನ ತಟ್ಟೆಗಳ ಮೇಲಿಂದ ಹನಿಹನಿಯಾಗಿ ಬೀಳುತ್ತದೆ, ಗಾಳಿ ತಾಗಿ ಕೆಂಪಾಗುತ್ತದೆ, ಒಂದು ತೊಟ್ಟಿಯಲ್ಲಿ ನಿಲ್ಲುತ್ತದೆ, ಆಮೇಲೆ ಉಸುಕಿನಲ್ಲಿ ಸೋಸಿ ತಿಳಿಯಾಗಿ ನಳಕ್ಕೆ ಬರುತ್ತದೆ. ನಡೆಸುವವರು ಹೆಂಗಸರೇ. ಕಟ್ಟೆಯ ಮೇಲಿನ ಹಿರಿಯರು, "ಹೆಂಗಸ್ರ ಕೈಯಾಗ ಯಂತ್ರಾ ಕೊಟ್ರ ಮುಗೀತು, ಮುಂದಿನ ಮಳಿಗಾಲ ಕಾಣೂದಿಲ್ಲ" ಎಂದಿದ್ದರಂತೆ. ಟಾಕಿ ಅನೇಕ ಮಳೆಗಾಲ ಕಂಡಿತು. ನಾನು ಪರೀಕ್ಷೆಗೆ ಹೋದಾಗಲೆಲ್ಲ ನೀರು ಪಾಸು. ಜಮೀನುದಾರರ ಬಾವಿಯ ದಾರಿಯಲ್ಲಿ ಹುಲ್ಲು ಬೆಳೆದಿತ್ತು.

ಆಮೇಲೆ ಕಾಲುವೆ ನೀರು ಬಂತು. ಎಷ್ಟೋ ವರ್ಷದಿಂದ ಒಣಗಿ ಬಿದ್ದಿದ್ದ ಕೆರೆಗೆ ನೀರು ಬಿಟ್ಟಾಗ ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಶಾಂತವ್ವ ಹೊಸ ಸೀರೆ ಉಟ್ಟು ಕಾಯಿ ಒಡೆದಳಂತೆ. ಕೆರೆ ತುಂಬಿ ಜಾಲಿಮರಗಳ ತುದಿಗಳಷ್ಟೇ ನೀರಿನ ಮೇಲೆ ಕಾಣುತ್ತಿದ್ದವು. ಬೋರಿನಲ್ಲೂ ನೀರು ಉಕ್ಕಿ ಬಂತು. ಹೆಂಗಸರಿಗೆ ಇನ್ನೇನು ಬೇಕು?

ಗಣಪತಿ ಹಬ್ಬ ಮುಗಿಯುವಷ್ಟರಲ್ಲಿ ಟಾಕಿಯ ನೀರು ಕಂದಾಯಿತು. ಬೋರಿನಿಂದ ಬರುವಾಗಲೂ ಕಂದು, ಸೋಸಿದ ಮೇಲೂ ಕಂದು. ಪರೀಕ್ಷೆ ಮಾಡಿದರೆ ಕಬ್ಬಿಣ ಹಾಗೇ ಕುಳಿತಿದೆ. ಇಂಜಿನಿಯರ್ ಮಾನೆ ಸಾಹೇಬರು ಬಂದರು. ಅವರು ಕೊಲ್ಹಾಪುರದ ಕಡೆಯವರು, ಮಾತೆಲ್ಲ ಮರಾಠಿ, ಇಲ್ಲಿ ನಾನು ಕನ್ನಡದಲ್ಲೇ ಬರೆಯುತ್ತೇನೆ. ಪ್ರಾಮಾಣಿಕ ಮನುಷ್ಯ, ಆದರೆ ಒಂದೇ ಮಂತ್ರ: ಗಾಳಿ. "ಗಾಳಿ ಸಾಲದು, ಇನ್ನೊಂದು ತಟ್ಟೆ ಹಾಕಿ" ಎಂದರು. ಹಾಕಿದರು. ನೀರು ಹಾಗೇ ಇತ್ತು. ಗಾಳಿ ಊದುವ ಪಂಪು ತಂದು ಕೂರಿಸಿದರು. ತೊಟ್ಟಿಯಲ್ಲಿ ಬುರುಗು ಎದ್ದಿತೇ ಹೊರತು ಬಣ್ಣ ಇಳಿಯಲಿಲ್ಲ. ನಾನೂ ಆಗ ಪ್ರಯೋಗಶಾಲೆಯಲ್ಲೇ ಕೂತು ಅವರ ಹಾಗೆಯೇ ತಲೆಯಾಡಿಸಿದವಳು, ಗಾಳಿಯೇ ಸಾಲದೆಂದು ನಂಬಿದವಳು.

ಊರವರು ಒಬ್ಬೊಬ್ಬರಾಗಿ ಮತ್ತೆ ಜಮೀನುದಾರರ ಬಾವಿಯ ದಾರಿ ಹಿಡಿದರು. ಕಟ್ಟೆಯ ಹಿರಿಯರಿಗೆ ಹಳೆಯ ಮಾತು ನೆನಪಾಯಿತು. ಕೊನೆಗೆ ಮಾನೆ ಸಾಹೇಬರು ಪಂಚಾಯತಿಯಲ್ಲಿ ಎಲ್ಲರೆದುರು ಹೇಳಿದರು: "ಇನ್ನೊಂದು ಊರಿನವರು ಇಂಥದೇ ಘಟಕಕ್ಕಾಗಿ ಕಾದಿದ್ದಾರೆ. ಇಲ್ಲಿ ಕೆಲಸಕ್ಕೆ ಬಾರದ್ದು ಅಲ್ಲಿ ಬರಬಹುದು. ದೀಪಾವಳಿ ಕಳೆದ ಸೋಮವಾರ ಟೆಂಪೋ ಬರುತ್ತದೆ. ಅಂದು ಬೆಳಿಗ್ಗೆ ನೀರು ಪಾಸಾದರೆ ಘಟಕ ಇಲ್ಲೇ ಇರಲಿ. ಇಲ್ಲದಿದ್ದರೆ ಬಿಚ್ಚಿ ಒಯ್ಯುತ್ತೇವೆ." ಅವರದೂ ತಪ್ಪಲ್ಲ. ಆ ಇನ್ನೊಂದು ಊರಿನ ಹೆಂಗಸರೂ ಕೊಡ ಹೊರುತ್ತಿದ್ದರು.

ಶಾಂತವ್ವ ನನಗೆ ಫೋನ್ ಮಾಡಿದಳು. ಅಳಲಿಲ್ಲ, ಬೈದಳು. "ಅಕ್ಕಾರ, ಪಾಸ ಪಾಸ ಅಂತ ಬರೆದು ಹೋಗಾಕ ಬರ್ತೀರಿ. ನಾಪಾಸ ಆದಾಗ ಯಾಕ ಬರೂದಿಲ್ರಿ?" ಮರುದಿನ ಬೆಳಗಿನ ಬಸ್ಸಿಗೇ ಹೊರಟೆ.

ಹೋಗುತ್ತಲೇ ಅವಳು ನನ್ನನ್ನು ಸೋಸುವ ಉಸುಕಿನ ಹತ್ತಿರ ಕರೆದುಕೊಂಡು ಹೋಗಿ, "ನೋಡ್ರಿ, ನಮ್ಮ ಕಡಿಂದ ಏನೂ ಕಡಿಮಿ ಮಾಡಿಲ್ಲ" ಎಂದು ತೋರಿಸಿದಳು. ಉಸುಕು ಬೆಳ್ಳಗೆ ಹೊಳೆಯುತ್ತಿತ್ತು. ವರ್ಷಗಟ್ಟಲೆ ನಡೆದ ಘಟಕದ ಉಸುಕು ಕೆಂಪಗಿರಬೇಕು. ನಾನು ಬಗ್ಗಿ ಒಂದು ಹಿಡಿ ತೆಗೆದು ಮೂಸಿದೆ. ಹುಳಿ ವಾಸನೆ!

"ಶಾಂತವ್ವಾ, ಏನ್ ಹಚ್ಚಿ ತೊಳದೀರಿ ಇದನ್ನ?"

"ಹುಣಸಿಹಣ್ಣು ಹಚ್ಚೀವ್ರಿ" ಎಂದಳು, ಹೆಮ್ಮೆಯಿಂದ. "ಘಟಸ್ಥಾಪನಿಗೆ ಮನ್ಯಾಗಿನ ಕೌದಿ, ಭಾಂಡೆ ಎಲ್ಲಾ ತೊಳಿತೀವಿ. ಊರಿಗೆ ನೀರ ಕೊಡೂ ಟಾಕಿ ಒಂದಽ ಮೈಲಿಗಿ ಇಡೂದೇನ್ರಿ? ಮನಿಗೊಂದ ಉಂಡಿ ಹುಣಸಿಹಣ್ಣು ಕೂಡಿಸಿದ್ವಿ. ಹಿತ್ತಾಳಿ ಕೊಡ ತಿಕ್ಕಿದಂಗ ತಿಕ್ಕೀವಿ."

ನಮ್ಮ ಭಾಗದಲ್ಲಿ ನವರಾತ್ರಿಗೆ ಮುಂಚೆ ಮನೆಯಲ್ಲಿ ತೊಳೆಯದೆ ಉಳಿಯುವುದು ಬೆಕ್ಕೊಂದೇ. ಹಿತ್ತಾಳೆಗೆ ಹುಣಸೆ ಹಚ್ಚದ ಹೆಂಗಸಿಲ್ಲ. ಆದರೆ ಉಸುಕಿಗೆ ಹಚ್ಚಿದ್ದನ್ನು ಇಡೀ ನೌಕರಿಯಲ್ಲಿ ಅದೊಂದೇ ಸಲ ಕಂಡೆ. ನನಗೆ ತಲೆಗೇರಿತು. "ಆ ಕೆಂಪು ಪದರು ಹೊಲಸಲ್ಲ ಮಾರಾಯ್ತಿ! ಹೊಸ ಕಬ್ಬಿಣ ಬಂದು ಹಿಡಕೊಳ್ಳೂದು ಆ ಹಳೀ ಕಬ್ಬಿಣದ ಮ್ಯಾಲ. ಅದನ್ನಽ ತಿಕ್ಕಿ ತಗದೀರಲ್ಲ!" ಎಂದು ಕೂಗಾಡಿದೆ. ಶಾಂತವ್ವನ ಮುಖ ಸಣ್ಣಗಾಯಿತು. ಅವಳ ಜೊತೆಗಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಕೂಗಿದ್ದಕ್ಕೆ ನನಗೇ ಕೆಡುಕೆನಿಸಿತು. ಅವರು ಭಕ್ತಿಯಿಂದ ಮಾಡಿದ ಕೆಲಸ ಅದು.

ಸಮಾಧಾನಕ್ಕೆ ಮಾತು ಬದಲಿಸುತ್ತ, "ತಿಕ್ಕಿದ ನೀರು ಎಲ್ಲಿ ಚೆಲ್ಲೀರಿ?" ಎಂದೆ.

"ಹೊಳ್ಳಿ ಬಳಸಾಕ ಬರ್ತೈತಿ ಅಂತ ಕುರಿ ನೀರ ಕುಡಿಯೂ ದೋಣ್ಯಾಗ ಹಾಕಿದ್ವಿ. ಕುರಿ ಮುಟ್ಟಲಿಲ್ಲ. ಹಂಗಽ ಐತಿ."

ಕಲ್ಲಿನ ದೋಣಿಯ ಬಳಿ ಹೋಗಿ ನೋಡಿದೆ. ನವರಾತ್ರಿಗೆ ಮುಂಚೆ ತುಂಬಿಟ್ಟ ನೀರು ಇನ್ನೂ ಕಂದು ಬಣ್ಣಕ್ಕೇ ಇತ್ತು. ಕೈ ಹಾಕಿ ತಳ ತಡವಿದೆ. ಕೆಂಪು ಮಣ್ಣು ಒಂದು ಚೂರೂ ಇಳಿದಿರಲಿಲ್ಲ. ಉಸುಕಿನಿಂದ ಬಂದ ಅಷ್ಟೂ ಕಬ್ಬಿಣ ಆ ನೀರಿನಲ್ಲೇ ಇರಬೇಕು. ಬಿಸಿಲು, ಗಾಳಿ ಎರಡೂ ಬೇಕಾದಷ್ಟು ತಾಗಿವೆ. ಆದರೂ ತಳಕ್ಕೆ ಇಳಿದಿಲ್ಲ, ಯಾಕೆಂದರೆ ಹುಣಸೆಯ ಹುಳಿ ಅದನ್ನು ಹಿಡಿದುಕೊಂಡಿದೆ. ಅಲ್ಲಿಂದ ಶಾಂತವ್ವನ ಮನೆಗೆ ನಡೆದು, ಅವಳು ಹಿಂದಿನ ದಿನ ಬೋರಿನಿಂದ ತುಂಬಿಟ್ಟ ಬಿಂದಿಗೆಯನ್ನು ಬೋಗುಣಿಗೆ ಬಗ್ಗಿಸಿ ನೋಡಿದೆ. ಅದೇ ಕಂದು. ತಳದಲ್ಲಿ ಏನೂ ಇಲ್ಲ. ಎರಡೂ ಒಂದೇ ರೋಗ. ಹಾಗಾದರೆ ಬೋರಿನ ನೀರಿಗೆ ಹುಣಸೆಹಣ್ಣು ಹಾಕಿದವರು ಯಾರು?

"ಇದನ್ನ ಮೂಸು" ಎಂದು ಶಾಂತವ್ವನ ಮುಂದೆ ಬೋಗುಣಿ ಹಿಡಿದೆ.

ಅವಳು ಮೂಸಿ, ಹುಬ್ಬು ಗಂಟಿಕ್ಕಿ, ಮತ್ತೆ ಮೂಸಿದಳು. "ಹಟ್ಟಿ ವಾಸನಿ ಬರ್ತೈತಲ್ರಿ. ಮಳಿ ಬಿದ್ದ ಮರುದಿನ ಕುರಿಹಟ್ಟಿ ನಾರ್ತೈತಲ್ಲ, ಹಂಗ."

ಇಬ್ಬರೂ ಕೆರೆಯ ದಂಡೆಗೆ ಹೋದೆವು. ಅಂಚಿನ ನೀರು ಹಾಲಿಲ್ಲದ ಚಹಾದ ಬಣ್ಣ. ಮುಳುಗಿದ ಜಾಲಿಮರಗಳ ಎಲೆ, ಕಾಯಿ, ತೊಗಟೆ ಕೊಳೆತು ತೇಲುತ್ತಿದ್ದವು. ಕೆರೆ ಒಣಗಿದ್ದ ಅಷ್ಟು ವರ್ಷವೂ ಊರಿನ ಕುರಿಗಳನ್ನು ತರುಬಿ ಕೂಡಿಹಾಕುತ್ತಿದ್ದುದು ಆ ಕೆರೆಯಂಗಳದಲ್ಲೇ ಎಂದು ಶಾಂತವ್ವ ಹೇಳಿದಳು. ಕಾಲಿಟ್ಟರೆ ಮೆತ್ತಗೆ ತಗ್ಗುವಷ್ಟು ಹಿಕ್ಕಿಗೊಬ್ಬರ ಬಿದ್ದಿತ್ತಂತೆ. ನೀರು ಬರುತ್ತದೆಂಬ ಸಡಗರದಲ್ಲಿ ಮರ ಕಡಿಯುವುದು, ಗೊಬ್ಬರ ಎತ್ತುವುದು ಯಾರಿಗೂ ಹೊಳೆಯಲಿಲ್ಲ. ಅದೆಲ್ಲದರ ರಸ ನೀರಿನಲ್ಲಿ ಇಳಿದು, ಕಲ್ಲಿನ ಬಿರುಕುಗಳಲ್ಲಿ ಹಾದು, ಏರಿಯ ಕೆಳಗಿನ ಬೋರಿಗೆ ಬಂದಿತ್ತು. ಪುಸ್ತಕದಲ್ಲಿ ಇದಕ್ಕೆ ನೈಸರ್ಗಿಕ ಸಾವಯವ ವಸ್ತು ಎಂಬ ದೊಡ್ಡ ಹೆಸರಿದೆ. ಅದು ಎರಡು ಕೆಲಸ ಮಾಡುತ್ತದೆ. ನೆಲದೊಳಗಿನ ಗಾಳಿಯನ್ನು ತಿಂದು ಕಲ್ಲಿನಿಂದ ಇನ್ನಷ್ಟು ಕಬ್ಬಿಣ ಕರಗುವಂತೆ ಮಾಡುತ್ತದೆ. ಮೇಲೆ ಬಂದ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡು, ಎಷ್ಟು ಗಾಳಿ ಊದಿದರೂ ತಳಕ್ಕಿಳಿಯಗೊಡುವುದಿಲ್ಲ. ಉಸುಕಿನ ಸಂದಿಯಲ್ಲೂ ನುಸುಳಿ ಹೋಗುತ್ತದೆ. ಜೋಶಿ ಸಾಹೇಬರು ಚಹಾದ ಬಗ್ಗೆ ಹೇಳಿದ ಮಾತು ಆಗ ನನ್ನ ತಲೆಗೆ ಸರಿಯಾಗಿ ಇಳಿಯಿತು.

ಅನಿಸಿದ್ದು ಸಾಲದು, ತೋರಿಸಬೇಕು. ಸಂಖದ ಅಂಗಡಿಯಿಂದ ಉಪ್ಪಿನಕಾಯಿಯ ಗಾಜಿನ ಬರಣಿಗಳನ್ನು ತರಿಸಿದೆ. ಕೆರೆಯಿಂದ ದೂರ, ದಿಬ್ಬದ ಮೇಲಿನ ವಸತಿಯ ಕೈಪಂಪಿನಲ್ಲೂ ಕಬ್ಬಿಣದ ನೀರೇ ಬರುತ್ತಿತ್ತು. ಅದನ್ನು ಎರಡು ಬರಣಿಗೆ ತುಂಬಿ, ಒಂದಕ್ಕೆ ಮಾತ್ರ ಒಂದಿಷ್ಟು ಕೆರೆಯ ನೀರು ಸೇರಿಸಿ, ಎರಡನ್ನೂ ಚೆನ್ನಾಗಿ ಕುಲುಕಿ, ಶಾಲೆಯ ಪಡಸಾಲೆಯಲ್ಲಿಟ್ಟೆವು. ಮರುದಿನ ನೋಡಿದರೆ ಒಂದರಲ್ಲಿ ತಳದಲ್ಲಿ ಕೆಂಪು ಮಣ್ಣು, ಮೇಲೆ ತಿಳಿನೀರು. ಕೆರೆಯ ನೀರು ಬೆರೆಸಿದ್ದು ಮಾತ್ರ ಇಟ್ಟ ಹಾಗೇ ಕಂದಾಗಿತ್ತು. ಶಾಂತವ್ವ ಎರಡನ್ನೂ ಎತ್ತಿ ಎತ್ತಿ ನೋಡಿ, "ಅಯ್ಯ ನಮ್ಮ ಕೆರಿಯವ್ವಾ, ನೀನಽ ಏನವಾ ಇದನ್ನ ಮಾಡಿದಾಕಿ!" ಎಂದಳು.

ಮಾನೆ ಸಾಹೇಬರನ್ನು ಕರೆಸಿದೆ. ಬಂದವರು ಬರಣಿಗಳ ಮುಂದೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತರು. "ಸರಿ, ಗಾಳಿಯ ದೋಷ ಅಲ್ಲ. ಹಾಗಾದರೆ ಟಿ.ಸಿ.ಎಲ್. ಪುಡಿ ಜಾಸ್ತಿ ಹಾಕೋಣ. ಎಂಥ ಹಿಡಿತವನ್ನೂ ಮುರಿಯುತ್ತದೆ" ಎಂದರು. ಅದು ಪಂಚಾಯತಿಯವರು ನೀರಿನ ರೋಗಾಣು ಕೊಲ್ಲಲು ಹಾಕುವ ಬಿಳಿ ಪುಡಿ.

"ಸಾಹೇಬ್ರ, ಇಷ್ಟು ಕೊಳೆತ ರಸ ಇರುವ ನೀರಿಗೆ ಆ ಪುಡಿ ಸುರಿದರೆ ಕುಡಿಯಬಾರದ ಬೇರೆ ಪದಾರ್ಥಗಳು ಹುಟ್ಟುತ್ತವೆ. ಬಣ್ಣ ಹೋದೀತು, ಪರೀಕ್ಷೆ ಪಾಸಾದೀತು. ಕುಡಿಯುವವರು ಮಕ್ಕಳು" ಎಂದೆ. "ಮೊದಲು ಆ ರಸವನ್ನೇ ತೆಗೆಯಬೇಕು. ಪುಡಿ ಕೊನೆಗೆ, ಎಷ್ಟು ಬೇಕೋ ಅಷ್ಟೇ."

"ಹೇಗೆ ತೆಗೆಯುತ್ತೀರಿ?"

"ಪಟಕ ಹಾಕಿ."

ಅವರು ನಕ್ಕರು. ಗಡ್ಡ ಬೋಳಿಸಿದ ಮೇಲೆ ಹಚ್ಚಿಕೊಳ್ಳುವ ಪಟಕವೇ ಎಂದರು. ಅದೇ ಪಟಕ, ಸ್ಫಟಿಕದಂಥ ಬಿಳಿ ಕಲ್ಲು, ಅಪ್ಪನ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಮಾರಿದ್ದು. ದೊಡ್ಡ ಊರುಗಳ ನೀರಿನ ಕೆಲಸದಲ್ಲೂ ಹೊಳೆನೀರಿಗೆ ಹಾಕುವುದು ಅದರದೇ ಜಾತಿಯದು. ನೀರಿನಲ್ಲಿ ಕರಗಿದ ಪಟಕ ಹಿಂಜಿದ ಅರಳೆಯ ಹಾಗೆ ಚೂರುಚೂರಾಗಿ ಕಟ್ಟಿಕೊಂಡು, ಆ ರಸವನ್ನೂ ಕಬ್ಬಿಣವನ್ನೂ ಒಟ್ಟಿಗೆ ಅಪ್ಪಿಕೊಂಡು ತಳಕ್ಕಿಳಿಯುತ್ತದೆ. ಮಾನೆ ಸಾಹೇಬರು ಎದ್ದು ಪ್ಯಾಂಟು ಝಾಡಿಸಿಕೊಂಡು, "ಮಾಡಿ ನೋಡಿ. ಬೇಕಾದ ಸಾಮಾನು ಕಳಿಸುತ್ತೇನೆ. ಆದರೆ ಟೆಂಪೋ ಸೋಮವಾರ ಬರುತ್ತದೆ, ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ" ಎಂದರು. ಮಾತಿಗೆ ತಕ್ಕಂತೆ ಸಾಮಾನು ಸಂಜೆಯೊಳಗೇ ಬಂತು.

ಎಷ್ಟು ಪಟಕ ಬೇಕೆಂದು ನೋಡಲು ಬರಣಿಗಳನ್ನು ಸಾಲಾಗಿಟ್ಟು, ಒಂದೊಂದಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಹಾಕುತ್ತ ಹೋದೆವು. ಕಡಿಮೆಯಾದರೆ ಬಣ್ಣ ಉಳಿಯುತ್ತದೆ, ಹೆಚ್ಚಾದರೆ ಪಟಕವೇ ನೀರಿನಲ್ಲಿ ಉಳಿಯುತ್ತದೆ. ನಡುವಿನ ಒಂದು ಅಳತೆ ಮಾತ್ರ ಸರಿ. ಮೊದಲ ದಿನ ಏನು ಮಾಡಿದರೂ ಅರಳೆ ಕಟ್ಟುತ್ತಿರಲಿಲ್ಲ. ನೋಡಿದರೆ ಒಬ್ಬಳು ಕೋಲು ಹಿಡಿದು ರಭಸದಿಂದ ತಿರುಗಿಸುತ್ತಿದ್ದಾಳೆ. ಕಟ್ಟಿದ್ದು ಕಟ್ಟಿದಂತೆ ಒಡೆದುಹೋಗುತ್ತಿತ್ತು. "ಮಜ್ಜಿಗಿ ಕಡದಂಗ ಕಡೀಬ್ಯಾಡ್ರವಾ, ಅಂಬಲಿ ತಿರುವಿದಂಗ ತಿರುವ್ರಿ" ಎಂದೆ. ಅಂಬಲಿ ತಿರುವಲು ಯಾರಿಗೂ ಕಲಿಸಬೇಕಾಗಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಬರಣಿಯಲ್ಲಿ ಕಂದು ಅರಳೆ ಕಾಣಿಸಿಕೊಂಡು, ಮೆಲ್ಲಗೆ ಇಳಿಯತೊಡಗಿತು. ಮೇಲೆ ಬೆರಳಷ್ಟು ತಿಳಿನೀರು ಕಂಡಿತು. ಹೆಂಗಸರೆಲ್ಲ ಬರಣಿಯ ಸುತ್ತ ತಲೆ ತಂದು ನನಗೇ ಕಾಣದಂತೆ ಮಾಡಿದರು.

ಬರಣಿಯಲ್ಲಿ ಆದದ್ದು ಟಾಕಿಯಲ್ಲಿ ಆಗಬೇಕಲ್ಲ. ಪಟಕದ ನೀರು ಹನಿಯುವಂತೆ ಒಂದು ಪೀಪಾಯಿಗೆ ನಳ ಕೂರಿಸಿದೆವು. ತೊಟ್ಟಿಯೊಳಗೆ ನೀರು ಅಂಕುಡೊಂಕಾಗಿ ನಿಧಾನ ಹರಿಯಲೆಂದು ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಅಡ್ಡಡ್ಡ ನಿಲ್ಲಿಸಿದೆವು. ಹುಣಸೆ ಹಚ್ಚಿದ ಉಸುಕನ್ನು ಹುಳಿ ವಾಸನೆ ಹೋಗುವವರೆಗೆ ತೊಳೆದೆವು. ಅದರ ಕೆಂಪು ಪದರು ಮತ್ತೆ ಕಟ್ಟಲು ವಾರಗಟ್ಟಲೆ ಬೇಕು, ಅದಕ್ಕೆ ಉಪಾಯವಿಲ್ಲ. ಶನಿವಾರ ನೀರು ಬಿಟ್ಟರೆ ಫರಸಿ ಸಂದಿಯಲ್ಲಿ ರಭಸವಾಗಿ ಅರಳೆ ಒಡೆದು ಎಲ್ಲ ಕೆಟ್ಟಿತು. ಶಾಂತವ್ವ ಕಚ್ಚೆ ಹಾಕಿ ತೊಟ್ಟಿಗಿಳಿದು, ಒಂದೊಂದೇ ಕಲ್ಲು ಸರಿಸಿ ಸಂದಿ ಅಗಲ ಮಾಡಿದಳು. "ಈ ಟಾಕಿ ಹೋದ್ರ ಹೋಗ್ಲಿ ಬಿಡ್ರಿ ಅಂತ ಅನ್ನಾಕ ನನಗ ಬಾಯಿ ಬರವಲ್ದು ಅಕ್ಕಾರ" ಎಂದಳು. "ಆ ಬಾವಿ ದಾರಿಗೆ ನನ್ನ ಮಗಳು ಕಾಲ ಇಡಬಾರ್ದು. ಅಷ್ಟಽ." ನಾನೂ ಸೀರೆ ಎತ್ತಿ ಕಟ್ಟಿ ಇಳಿದೆ.

ಆ ಭಾನುವಾರ ಕಟ್ಟೆಯ ಹಿರಿಯರು ಬಂದು ತೊಟ್ಟಿಯ ಬದಿಗೆ ನಿಂತರು. ಬರಣಿಗಳ ಸುದ್ದಿ ಅವರಿಗೂ ಮುಟ್ಟಿತ್ತು. ಅವರಲ್ಲೇ ವಯಸ್ಸಾದ ಒಬ್ಬರು ಕೆಮ್ಮಿ, "ಬ್ಯಾಸಗ್ಯಾಗ ಕೆರಿ ನೀರ ಇಳಿದ ಮ್ಯಾಲ ಜಾಲಿ ಕಡದು, ಆ ಹಿಕ್ಕಿ ಮಣ್ಣು ಎತ್ತಿದ್ರ ನೀರ ಸುಧಾರಿಸ್ತೈತೇನ್ರಿ ಬಾಯಾರ?" ಎಂದು ಕೇಳಿದರು. ಖಂಡಿತ ಸುಧಾರಿಸುತ್ತದೆ, ವರ್ಷ ವರ್ಷ ಪಟಕವೂ ಕಡಿಮೆ ಸಾಕಾಗುತ್ತದೆ ಎಂದೆ. "ಹಂಗಾರ ಎತ್ತೂನು. ಹೊಲಕ್ಕ ಬಂಗಾರದಂಥ ಗೊಬ್ಬರ ಅದು" ಎಂದರು. ಟಾಕಿಯ ಬಗ್ಗೆ ಒಳ್ಳೆಯ ಮಾತು ಅವರ ಬಾಯಿಂದ ಬರಲಿಲ್ಲ, ಆದರೆ ಹೋಗುವಾಗ ಒಬ್ಬರು ಫರಸಿ ಕಲ್ಲು ಹೊತ್ತು ಕೊಟ್ಟರು.

ಸೋಮವಾರ ಬೆಳಿಗ್ಗೆ ಟೆಂಪೋ ಬ್ರೇಕಿನ ಸದ್ದು ಮಾಡುತ್ತ ಬಂದು ಏರಿಯ ಕೆಳಗೆ ನಿಂತಿತು. ಹಗ್ಗ, ನಟ್ಟು ಬಿಚ್ಚುವ ಪಾನ, ಕಬ್ಬಿಣದ ಸಲಾಕೆ ಎಲ್ಲ ತಂದಿದ್ದರು. ಮಾನೆ ಸಾಹೇಬರೂ ಬಂದರು. ಊರು ಅರ್ಧ ಅಲ್ಲೇ ಇತ್ತು. ನಾನು ನಳದಿಂದ ಹಿಡಿದ ನೀರನ್ನು ಮೊದಲು ಮೂಸಿದೆ. ವಾಸನೆ ಇರಲಿಲ್ಲ. ಸಣ್ಣ ನಳಿಕೆಗೆ ತುಂಬಿ, ಪೆಟ್ಟಿಗೆಯಿಂದ ಔಷಧ ಹಾಕಿದೆ. ಕಬ್ಬಿಣ ಇದ್ದರೆ ಅದು ಕಿತ್ತಳೆ ಕೆಂಪಾಗುತ್ತದೆ. ಕಾಯಬೇಕಾದಷ್ಟು ಕಾದೆವು.

"ಏನೂ ಆಗವಲ್ದಲ್ರಿ" ಎಂದಳು ಶಾಂತವ್ವ, ದನಿ ಇಲ್ಲದ ದನಿಯಲ್ಲಿ. "ಔಷಧ ಕೆಟ್ಟೈತೇನು?"

ನನಗೂ ಅದೇ ಅನುಮಾನ. ಅದೇ ಔಷಧವನ್ನು ಸೋಸದ ಬೋರಿನ ನೀರಿಗೆ ಹಾಕಿದೆ. ಕಣ್ಣೆದುರಿಗೇ ಅದು ಕೆಂಪಾಯಿತು. ಔಷಧ ನೆಟ್ಟಗಿತ್ತು. ಎರಡೂ ನಳಿಕೆಗಳನ್ನು ಮಾನೆ ಸಾಹೇಬರ ಕೈಗೆ ಕೊಟ್ಟೆ. ಅವರು ಬಿಸಿಲಿಗೆ ಹಿಡಿದು ನೋಡಿ, ಅಂಕಿ ತೋರಿಸುವ ಯಂತ್ರದಲ್ಲೂ ಇಟ್ಟು ನೋಡಿ, "ಪಾಸು" ಎಂದರು. ಆಮೇಲೆ ತಾವೇ ಒಂದು ಲೋಟ ಹಿಡಿದು ಕುಡಿದರು. ಶಾಂತವ್ವ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೆಂಗಸರು ಅವಳ ಬೆನ್ನು ತಟ್ಟುತ್ತ ತಾವೂ ಅತ್ತರು. ನಾನು ಪೆಟ್ಟಿಗೆ ಮುಚ್ಚುವ ನೆಪದಲ್ಲಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ನೌಕರಿಯಲ್ಲಿ ಅಷ್ಟು ಸಂತೋಷ ನನಗೆ ಮತ್ತೆ ಆಗಲಿಲ್ಲ.

"ಆ ಇನ್ನೊಂದು ಊರಿನವರಿಗೆ ಏನು ಹೇಳಲಿ?" ಎಂದು ಮಾನೆ ಸಾಹೇಬರು ತಲೆ ಕೆರೆದುಕೊಂಡರು. "ಹೊಸದು ಬರುವುದು ಇನ್ನು ಬೇಸಿಗೆಗೇ."

ಶಾಂತವ್ವ ಮುಖ ಒರೆಸಿಕೊಂಡು ಎದ್ದಳು. "ಅವರ ಹೆಣ್ಮಕ್ಕಳನ್ನ ಕಳಸ್ರಿ ಸಾಹೇಬ್ರ. ಅಷ್ಟೊತ್ತಿಗೆ ನಡಸೂದು ಕಲ್ತಿರ್ತಾರ. ನಾವು ಮಾಡಿದ ತಪ್ಪು ಅವರು ಮಾಡೂದು ಬ್ಯಾಡ" ಎಂದಳು. ಮುಂದೆ ಆ ಊರಿನ ಹೆಂಗಸರು ಬಂದರು ಕೂಡ. ಹುಣಸೆಹಣ್ಣಿನ ಕಥೆಯನ್ನು ಶಾಂತವ್ವ ಅವರಿಗೆ ತಾನೇ ಹೇಳಿ, ತಾನೇ ಎಲ್ಲರಿಗಿಂತ ಜೋರಾಗಿ ನಕ್ಕಳಂತೆ.

ಅಂದು ಟೆಂಪೋದವರು ಹಗ್ಗ ಸುತ್ತಿ ಹೊರಡಲು ನಿಂತಾಗ ಚಾಲಕ ಇಳಿದು ಬಂದ. ದೂರದ ದಾರಿ, ಬಿಸಿಲು, ಒಂದಿಷ್ಟು ನೀರು ಸಿಕ್ಕೀತೇ ಎಂದು ಸಂಕೋಚದಿಂದ ಕೇಳಿದ. ಶಾಂತವ್ವ ತನ್ನ ಮನೆಯ ಕ್ಯಾನು ತರಿಸಿ, ನಳದಡಿ ಹಿಡಿದು ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು, ಅವನ ಕೈಗೆ ಕೊಟ್ಟಳು.

"ಕ್ಯಾನ್ ತಿರಗಿ ಕೊಟ್ಟು ಕಳಸ್ರಿ" ಎಂದಳು. "ಟೆಂಪೋ ಮಾತ್ರ ತರಬ್ಯಾಡ್ರಿ."